ಮೇಜಿನ ಆಚೆ ಕೂತವನು

'ಇದು ನನ್ನ ಕೈಯೇನಾ... ಇಲ್ಲಾ ಅಪ್ಪನದ್ದಾ?'

ಬಲಗೈಯ ನಾಲ್ಕೂ ಗೆಣ್ಣುಗಳು ಒಡೆದು ರಕ್ತ ಜಿನುಗುತ್ತಿತ್ತು. ಅವಳು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಯಾರದ್ದೋ ಸಾಮಾನು ಕಾಯಲು ಕೂತವಳ ಹಾಗೆ ನೋಡುತ್ತಿದ್ದಳು. ಇದರಲ್ಲಿ ತನ್ನ ರಕ್ತ ಎಷ್ಟು, ಮೇಸ್ತ್ರಿಯ ಮೂಗಿನದ್ದೆಷ್ಟು? ತಿಳಿಯಲಿಲ್ಲ.

'ಹೊಡೆದದ್ದು ತಪ್ಪೇ ಆದರೆ ಮೈ ಯಾಕೆ ಇಷ್ಟು ಹಗುರಾಗಿದೆ? ಹೊಡೆದ ಮೇಲೆ ಅಪ್ಪನೂ ಹೀಗೇ ತಣ್ಣಗೆ ಕೂರುತ್ತಿದ್ದನಲ್ಲ...'

"ಕೈ ಮೇಜಿನ ಮೇಲಿಡಿ."

ಅವಳು ತಲೆ ಎತ್ತಿದಳು. ಕಾರ್ಖಾನೆಯ ಔಷಧಿ ಕೋಣೆಯಲ್ಲಿ, ಮೇಜಿನ ಆಚೆ ಒಬ್ಬ ಅಪರಿಚಿತ ಹತ್ತಿಗೆ ಸ್ಪಿರಿಟ್ ಸುರಿಯುತ್ತಿದ್ದ. ಅವನ ಎಡ ಹುಬ್ಬು ಸೀಳಿ, ರಕ್ತ ಕೆನ್ನೆಯ ಮೇಲಿಂದ ಕಾಲರಿನವರೆಗೆ ಇಳಿದಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಿರಲಿಲ್ಲ.

"ನೀವು ಯಾರು?"

"ಹೊಸ ಕಾಂಪೌಂಡರ್. ಇವತ್ತೇ ಸೇರಿದ್ದು."

"ನಿಮ್ಮ ಹುಬ್ಬು..."

"ಬಿಡಿಸೋಕೆ ಬಂದೆ. ನಿಮ್ಮ ಮೊಣಕೈ ಬಿತ್ತು." ಅವನು ಹತ್ತಿಯನ್ನು ಚಿಮುಟದಲ್ಲಿ ಹಿಡಿದು ಗಾಯಕ್ಕೆ ಒತ್ತಿದ. "ನನ್ನ ಕಡೆ ನೋಡದೇನೇ ಇಷ್ಟು ಚೆನ್ನಾಗಿ ಹೊಡೆದ್ರಿ. ನೋಡಿ ಹೊಡೆದಿದ್ರೆ ನನ್ನ ಕೆಲಸ ಮೊದಲನೇ ದಿನಕ್ಕೇ ಮುಗೀತಿತ್ತು."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

ಅದು ಡಬ್ಬಿಗಳ ಮುಚ್ಚಳ ಮಾಡುವ ಕಾರ್ಖಾನೆ. ಅಲ್ಲಿ ತಗಡು ಅಚ್ಚೊತ್ತುವ ಪ್ರತಿ ಪ್ರೆಸ್ಸಿಗೂ ಎರಡು ಗುಂಡಿಗಳು, ಒಂದೊಂದು ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ತಗಡಿನ ಮೇಲೆ ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ ಎಂಬುದು ಲೆಕ್ಕ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಮೇಸ್ತ್ರಿ, ಎಲ್ಲರೂ ಅಕ್ಕ ಎನ್ನುತ್ತಿದ್ದ ಪಕ್ಕದ ಪ್ರೆಸ್ಸಿನವಳ ಒಂದು ಗುಂಡಿಗೆ ಮರದ ಚೂರು ತುರುಕಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದ. "ಒಂದು ಕೈಯಲ್ಲಿ ತಗಡು ಇಡು, ಇನ್ನೊಂದರಲ್ಲಿ ಒತ್ತು, ಬೇಗ ಬೇಗ!"

ಬೆಳಿಗ್ಗೆ ಹತ್ತೂವರೆಗೆ ಅಕ್ಕನ ಉಂಗುರದ ಬೆರಳಿನ ತುದಿ ಅಚ್ಚಿನಲ್ಲೇ ಉಳಿಯಿತು.

ಅಕ್ಕ ಕಿರುಚಲಿಲ್ಲ. ಬೆರಳನ್ನು ನೋಡಿ, "ಅಯ್ಯೋ, ಇದೇನೇ ಇದು?" ಎಂದಳು, ಅಷ್ಟೇ. ಮೇಸ್ತ್ರಿ ಓಡಿ ಬಂದು ಮೊದಲು ಕಿತ್ತದ್ದು ಮರದ ಚೂರನ್ನು. ಅದನ್ನು ಜೇಬಿಗೆ ಹಾಕಿಕೊಳ್ಳುವುದು ಇವಳ ಕಣ್ಣಿಗೆ ಬಿತ್ತು.

ಆಮೇಲಿನದ್ದು ಅವಳಿಗೆ ತುಂಡು ತುಂಡಾಗಿ ಮಾತ್ರ ನೆನಪಿತ್ತು. ಮೂಗಿನ ಮೂಳೆ ಲಟ್ಟೆಂದ ಸದ್ದು. ತನ್ನ ಮೊಣಕಾಲ ಕೆಳಗಿದ್ದ ಅವನ ಎದೆ. ಮತ್ತೆ ಮತ್ತೆ ಏರಿ ಇಳಿದ ಒಂದು ಕೈ...

ಮ್ಯಾನೇಜರ್ ಮಧ್ಯಾಹ್ನವೇ ತೀರ್ಮಾನ ಹೇಳಿದರು. ಮರದ ಚೂರಿನ ವಿಷಯ ಹೊರಗೆ ಹೋಗುವುದು ಅವರಿಗೆ ಬೇಕಿರಲಿಲ್ಲ, ಆದ್ದರಿಂದ ಪೊಲೀಸರೂ ಇಲ್ಲ. ಮೇಸ್ತ್ರಿಗೆ ಬೇರೆ ವಿಭಾಗ. ಇವಳಿಗೆ ನಲವತ್ತು ದಿನದ ಗಡುವು. ಕೋಪ ಹತೋಟಿಯಲ್ಲಿದೆಯೇ ಎಂದು ತೋರಿಸಲು ಪಾಳಿ ಮುಗಿದ ಮೇಲೆ ದಿನಾ ಕಾಂಪೌಂಡರ್ ಮುಂದೆ ಹತ್ತು ನಿಮಿಷ ಕೂರಬೇಕು. ಇನ್ನೊಮ್ಮೆ ಕೈ ಎತ್ತಿದರೆ ಕೆಲಸ ಇಲ್ಲ.

ಅವಳಿಗೆ ಕೆಲಸದ ಚಿಂತೆಗಿಂತ ಬೇರೆಯದೇ ಒಂದು ಚಿಂತೆ ಇತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಬಿಡಿಸಲು ಯಾರೂ ಬರದಿದ್ದರೆ ತಾನು ನಿಲ್ಲಿಸುತ್ತಿದ್ದೆನೇ?

* * *

"ಇದೇನು, ಶಾಲೆನಾ?"

ಮರುದಿನ ಅವನು ಮೇಜಿನ ಮೇಲೆ ಒಂದು ನೋಟ್‌ಬುಕ್ ತಳ್ಳಿದಾಗ ಅವಳು ಕೇಳಿದಳು.

"ದಿನಾ ಬರೀಬೇಕು. ಏನು ತಿಂದ್ರಿ, ಎಷ್ಟು ಹೊತ್ತು ಮಲಗಿದ್ರಿ, ಕೈ ಎಲ್ಲಿತ್ತು, ಹಲ್ಲು ಎಲ್ಲಿತ್ತು."

"ಹಲ್ಲು ಬಾಯಲ್ಲೇ ಇರುತ್ತೆ ಸ್ವಾಮಿ. ಸಂಜೆ ತೆಗೆದಿಟ್ಟು ಮಲಗೋ ವಯಸ್ಸು ಇನ್ನೂ ಬಂದಿಲ್ಲ."

"ಕಚ್ಚಿಕೊಂಡಿದ್ರಾ, ಸಡಿಲ ಇತ್ತಾ ಅಂತ. ಈಗ ಕಚ್ಚಿಕೊಂಡಿದ್ದೀರಿ."

ಅವಳು ಥಟ್ಟನೆ ದವಡೆ ಸಡಿಲಿಸಿದಳು. ಹೌದಲ್ಲ!

"ಕೋಪದ ಬಗ್ಗೆ ಬರೀಬಾರ್ದಾ?"

"ಬೇಡ. ಕೋಪ ಬರೋಕೆ ಒಂದು ಗಂಟೆ ಮುಂಚೆ ಏನು ಮಾಡ್ತಿದ್ರಿ, ಅದು ಸಾಕು."

ಮೊದಲ ದಿನ ಅವಳು ಬೇಕೆಂದೇ ಕುಚೋದ್ಯ ಮಾಡಿದಳು. 'ಬೆಳಿಗ್ಗೆ: ಟೀ. ಮತ್ತೆ ಟೀ. ಆಮೇಲೆ ಬದಲಾವಣೆಗೆ ಇರಲಿ ಅಂತ ಟೀ. ಊಟ: ಮೂರು ಗಂಟೆಗೆ. ನಿದ್ದೆ: ಮಲಗಿದ್ದಂತೂ ನಿಜ. ಕೈ: ತೋಳಿನ ತುದಿಯಲ್ಲೇ ಇತ್ತು.'

ಅವನು ಓದಿ ನಕ್ಕ. ಹೊಲಿಗೆ ಹಾಕಿದ್ದ ಹುಬ್ಬು ಎಳೆದು ನೋವಾಗಿ, ನಗುವನ್ನು ಅರ್ಧಕ್ಕೇ ನಿಲ್ಲಿಸಿದ.

ಆ ಅರ್ಧ ನಗು ಅವಳ ಜೊತೆ ಮನೆಯವರೆಗೂ ಬಂತು. ಯಾಕೆ ಬಂತೋ!

ಎರಡು ವಾರ ಕಳೆಯುವಷ್ಟರಲ್ಲಿ ನೋಟ್‌ಬುಕ್ ಅವಳಿಗೆ ಗೊತ್ತಿಲ್ಲದ ಒಬ್ಬಳನ್ನು ತೋರಿಸತೊಡಗಿತು. ಅವಳು ರೇಗಿದ ದಿನಗಳೆಲ್ಲ ಬರೀ ಟೀ ಮೇಲೆ ಮಧ್ಯಾಹ್ನ ದಾಟಿದ ದಿನಗಳು. ಮಲಗುವಾಗಲೂ ಅವಳ ಮುಷ್ಟಿ ಬಿಗಿದೇ ಇರುತ್ತಿತ್ತು. ರೇಗುವುದಕ್ಕೆ ಮುಂಚೆ ಬಲಗೈಯ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳೊಳಗೆ ಮೆಲ್ಲಗೆ ಮಡಚಿಕೊಳ್ಳುತ್ತಿತ್ತು, ಚಳಿಗೆ ಹುಳ ಸುತ್ತಿಕೊಳ್ಳುವ ಹಾಗೆ. ಇಷ್ಟು ವರ್ಷ ಕೋಪವನ್ನು ಸಿಡಿಲು ಎಂದುಕೊಂಡಿದ್ದಳು. ಅದು ಬರುವ ಮೊದಲು ಹೀಗೆ ಮೆಟ್ಟಿಲು ಹತ್ತಿಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅವಳು ಬೆಳಿಗ್ಗೆ ತಿನ್ನತೊಡಗಿದಳು. ಟೀ ಎರಡಕ್ಕಿಳಿಯಿತು. ಅಂಗೈ ಬಿಚ್ಚಿ, ದಿಂಬಿನ ಕೆಳಗಿಟ್ಟು ಮಲಗುವುದನ್ನು ಕಲಿತಳು.

"ಏನೇ, ಮುಖಕ್ಕೆ ಕಳೆ ಬಂದಿದೆ?" ಬೆರಳಿಗೆ ಬ್ಯಾಂಡೇಜ್ ಕಟ್ಟಿಕೊಂಡೇ ಕೆಲಸಕ್ಕೆ ಮರಳಿದ್ದ ಅಕ್ಕ ಕೆಣಕಿದಳು. "ನಿದ್ದೆಯಿಂದಾನಾ, ಡಾಕ್ಟ್ರಿಂದಾನಾ?"

"ಅವರು ಡಾಕ್ಟ್ರಲ್ಲ ಅಕ್ಕಾ, ಕಾಂಪೌಂಡರು."

"ನಾನು ಕೇಳಿದ್ದು ಅದಲ್ವಲ್ಲ!"

ಕೆನ್ನೆ ಬಿಸಿಯಾಯಿತು. ಹೌದು... ಆ ಹತ್ತು ನಿಮಿಷ ಈಗ ನಲವತ್ತು ನಿಮಿಷವಾಗುತ್ತಿತ್ತು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವನ ಮೌನದಲ್ಲಿ ಅವಳಿಗೆ ಜಾಗವಿತ್ತು. ಅಲ್ಲಿ ಕೂತು ಅವಳು ಅಪ್ಪನ ಬಗ್ಗೆ ಹೇಳಿದಳು. ಬೆಲ್ಟಿನ ಬಗ್ಗೆ, ಸೊಟ್ಟಗೆ ಕೂಡಿಕೊಂಡ ಅಮ್ಮನ ಭುಜದ ಎಲುಬಿನ ಬಗ್ಗೆ. ಹೊಡೆದಾದ ಮೇಲೆ ಅಪ್ಪ ತಟ್ಟೆ ಮುಂದೆ ಕೂತು ಸಮಾಧಾನವಾಗಿ ಉಣ್ಣುತ್ತಿದ್ದುದನ್ನೂ ಹೇಳಿದಳು. ಅಪ್ಪ ಸತ್ತು ನಾಲ್ಕು ವರ್ಷವಾಗಿತ್ತು. ಅಮ್ಮ ಈಗಲೂ ಬಾಗಿಲು ಜೋರಾಗಿ ಹಾಕಿಕೊಂಡರೆ ಬೆಚ್ಚುತ್ತಿದ್ದಳು.

ಒಂದೇ ಒಂದು ಸಂಗತಿ ಅವಳನ್ನು ಚುಚ್ಚುತ್ತಿತ್ತು. ಬೇರೆಯವರಿಗೆಲ್ಲ ಅವನು ಪಕ್ಕದಲ್ಲಿ ಕೂತು ನಾಡಿ ಹಿಡಿದು ನೋಡುತ್ತಿದ್ದ. ಅವಳು ಬಂದರೆ ಮಾತ್ರ ಮೇಜಿನ ಆಚೆ ಹೋಗಿ ಕೂರುತ್ತಿದ್ದ. ಗಾಯ ಒರೆಸುವಾಗಲೂ ನಡುವೆ ಚಿಮುಟ ಇರುತ್ತಿತ್ತು.

'ಹೆದರುತ್ತಾನೆ. ನನ್ನ ಕೈಗೆ ಹೆದರುತ್ತಾನೆ...'

ಮೇಜಿನ ಕೆಳಗೆ ಅವನ ಎರಡು ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದವು. ಅದು ಅವಳು ಕೂತಲ್ಲಿಗೆ ಕಾಣುತ್ತಿರಲಿಲ್ಲ.

* * *

ಇಪ್ಪತ್ತೊಂಬತ್ತನೆಯ ದಿನ ಊಟದ ಬಿಡುವಿಗೆ ಸ್ವಲ್ಪ ಮುಂಚೆ ಮೇಸ್ತ್ರಿ ಹಳೆಯ ವಿಭಾಗಕ್ಕೆ ಬಂದ. ಮೂಗು ಒಂದು ಪಕ್ಕಕ್ಕೆ ವಾಲಿತ್ತು.

"ಏನಮ್ಮಾ ಸಿಡಿಗುಂಡು, ದಿನಾ ಆ ಕೋಣೇಲಿ ಏನು ಔಷಧಿ ಕೊಡ್ತಾನೆ? ನಿಮ್ಮಪ್ಪನ ರಕ್ತಕ್ಕೂ ಗುಳಿಗೆ ಬಂದಿದ್ಯಾ?" ಎಲ್ಲರಿಗೂ ಕೇಳುವ ಹಾಗೆ ಹೇಳಿ, ಅಕ್ಕನ ಕಡೆ ತಿರುಗಿದ. "ನೀನೇನು, ಒಂಬತ್ತೂವರೆ ಬೆರಳಲ್ಲಿ ಲೆಕ್ಕ ತಪ್ತಿಲ್ಲ ತಾನೇ?"

ಅಕ್ಕಪಕ್ಕದ ಪ್ರೆಸ್ಸುಗಳು ಒಂದೊಂದಾಗಿ ನಿಂತವು.

ಅವಳ ಹೆಬ್ಬೆರಳು ಒಳಗೆ ಸರಿಯಿತು. ದವಡೆ ಬಿಗಿಯಿತು. ಅವನ ಕತ್ತಿನ ನರ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲಿ ಹೊಡೆದರೆ ಬೀಳುತ್ತಾನೆ ಎಂದು ಕೈಗೆ ಗೊತ್ತಿತ್ತು, ಬೀಳಿಸಿದರೆ ಎಷ್ಟು ಹಿತ ಎಂದೂ ಗೊತ್ತಿತ್ತು.

'ಯಾವಾಗ ತಿಂದೆ? ಏಳಕ್ಕೆ. ಈಗ ಒಂದು ಗಂಟೆ.'

ಅವಳು ಸ್ವಿಚ್ ಆರಿಸಿ, ಚೀಲದಿಂದ ಬಾಳೆಹಣ್ಣು ತೆಗೆದಳು. ಸಿಪ್ಪೆ ಸುಲಿದು, ಮೇಸ್ತ್ರಿಯ ಕಣ್ಣಲ್ಲಿ ಕಣ್ಣಿಟ್ಟು, ಅವಸರವಿಲ್ಲದೆ ಪೂರ್ತಿ ತಿಂದಳು.

ಅವನು ಒಂದು ಹೆಜ್ಜೆ ಹಿಂದಿಟ್ಟ. ಯಾರೋ ಕಿಸಕ್ಕೆಂದರು. ಅಕ್ಕ ಬ್ಯಾಂಡೇಜಿನ ಕೈಯಲ್ಲೇ ಚಪ್ಪಾಳೆ ತಟ್ಟಿ, ನೋವಿಗೆ "ಅಮ್ಮಾ!" ಎಂದಳು.

ಪಾಳಿ ಮುಗಿದದ್ದೇ ತಡ, ಅವಳು ಓಡಿದಳು.

"ಹೊಡೀಲಿಲ್ಲ! ನಾನು ಹೊಡೀಲಿಲ್ಲ!" ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದಳು. ಅವನ ಮುಖ ಅರಳಿದ್ದನ್ನು ನೋಡಿದಳು. ಆ ಖುಷಿಯಲ್ಲಿ, ಯೋಚಿಸದೆ, ಮೇಜಿನ ಮೇಲಿಂದ ಬಾಗಿ ಅವನ ಎರಡೂ ಕೈಗಳನ್ನು ಹಿಡಿದಳು.

ಒಂದೇ ಕ್ಷಣ ಆ ಕೈಗಳೂ ಅವಳನ್ನು ಹಿಡಿದವು. ಮರುಕ್ಷಣ ಅವನು ಕೈ ಕಿತ್ತುಕೊಂಡು ಎದ್ದ. ಕುರ್ಚಿ ಉರುಳಿತು. ಗೋಡೆಗೆ ಬೆನ್ನು ಒತ್ತಿ ನಿಂತ.

"ಬೇಡ... ಹತ್ತಿರ ಬರಬೇಡಿ."

ಅವಳ ಕೈಗಳು ಗಾಳಿಯಲ್ಲೇ ಉಳಿದವು.

"ಇನ್ನೂ ಹೆದರಿಕೇನಾ?" ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಇಪ್ಪತ್ತೊಂಬತ್ತು ದಿನ ಆಯ್ತಲ್ರೀ..."

ಅವನು ಉರುಳಿದ ಕುರ್ಚಿಯನ್ನು ಎತ್ತಿ ಮತ್ತೆ ಮೇಜಿನ ಆಚೆಯೇ ಇಟ್ಟ.

ಅವಳು ಹೊರಟುಹೋದಳು.

* * *

ದಾರಿಯಲ್ಲಿ ನಾಲ್ಕು ಟೀ ಕುಡಿದಳು. ಏನೂ ತಿನ್ನಲಿಲ್ಲ.

ಅಮ್ಮ ಬೀರುವಿನ ಮುಂದೆ ನಿಂತು ಬಟ್ಟೆ ಮಡಚುತ್ತಿದ್ದಳು. "ಮತ್ತೆ ಅದೇ ಮುಖ ಹೊತ್ತುಕೊಂಡು ಬಂದ್ಯಾ? ಆ ಪುಸ್ತಕ ಬರೆದು ಬರೆದು ಏನು ಉದ್ಧಾರ ಆಯ್ತು?" ಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ ತೆಗೆದು ಮಂಚದ ಮೇಲೆ ಎಸೆದಳು. "ನಿಮ್ಮಪ್ಪನೂ ವಾರಕ್ಕೊಂದು ಆಣೆ ಇಡ್ತಿದ್ದ. ಥೇಟ್ ಅವನೇ ನೀನು. ಅದೇ ಕೈ, ಅದೇ..."

ಬೀರುವಿನ ಕನ್ನಡಿ ಸಿಡಿಯಿತು.

ಅಮ್ಮನ ತಲೆಯಿಂದ ಒಂದು ಗೇಣು ದೂರದಲ್ಲಿ ಅವಳ ಮುಷ್ಟಿ ಗಾಜಿನೊಳಗೆ ಹೂತುಹೋಗಿತ್ತು. ಚೂರುಗಳು ಅಮ್ಮನ ಕೂದಲ ಮೇಲೆ, ಭುಜದ ಮೇಲೆ, ಮಡಚಿಟ್ಟ ಬಟ್ಟೆಗಳ ಮೇಲೆ ಸುರಿದವು.

ಅಮ್ಮ ಕುಸಿದು ಕೂತಳು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

"ಸಾಕು ರೀ... ತಪ್ಪಾಯ್ತು ರೀ... ಸಾಕು..."

ರೀ!

ಅವಳಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅಮ್ಮ ಮಾತಾಡುತ್ತಿದ್ದುದು ಮಗಳ ಜೊತೆಯಲ್ಲ.

"ಅಮ್ಮಾ... ನಾನಮ್ಮಾ..."

ಅಮ್ಮ ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲನೆ ಎದ್ದು, ಕೂದಲಿನಿಂದ ಗಾಜು ಆರಿಸಿ ತೆಗೆದು, ಮಡಚಿದ್ದ ಬಟ್ಟೆಗಳಲ್ಲಿ ತನ್ನವನ್ನು ಮಾತ್ರ ಬೇರೆ ಮಾಡಿ ಒಂದು ಚೀಲಕ್ಕೆ ತುಂಬಿದಳು. ಎರಡು ಬೀದಿ ಆಚೆ ಇರುವ ಚಿಕ್ಕಮ್ಮನ ಮನೆಗೆ ಹೊರಟಳು. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು, ಅಪ್ಪ ಮಲಗಿರುವಾಗ ಎಳೆದುಕೊಳ್ಳುತ್ತಿದ್ದ ಹಾಗೆ.

* * *

ಮರುದಿನ ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಅವಳು ಅವನ ಮುಂದೆ ನಿಂತಿದ್ದಳು. ಬಲಗೈಗೆ ಟವೆಲ್ ಸುತ್ತಿತ್ತು. ಟವೆಲ್ ಕೆಂಪಾಗಿತ್ತು.

"ನಾನು ಪ್ರೆಸ್ಸಿಗೆ ತಕ್ಕವಳಲ್ಲ ಅಂತ ಬರೆದುಕೊಡಿ. ಹೋಗ್ತೀನಿ."

"ಕೂತ್ಕೊಳ್ಳಿ. ಗಾಜು ಒಳಗಿದೆ."

"ನಿಮಗೆ ಗೊತ್ತಿತ್ತು, ಅಲ್ವಾ? ಅದಕ್ಕೇ ಅಷ್ಟು ದೂರ ಕೂರ್ತಿದ್ರಿ. ನಿಮ್ಮ ಹೆದರಿಕೇನೇ ಸರಿ. ನಮ್ಮಮ್ಮ ನನ್ನ 'ರೀ' ಅಂದ್ಲು! ಕೇಳಿಸ್ತಾ? ನನ್ನ... 'ರೀ' ಅಂದ್ಲು..."

ಅವಳು ಕುರ್ಚಿಯಲ್ಲಿ ಕೂತು ಅತ್ತಳು. ಮೂಗು, ಕಣ್ಣು, ಗಂಟಲು ಒಂದೇ ಆಗುವ ಹಾಗೆ ಅತ್ತಳು.

ಅವನು ಮೇಜು ಬಳಸಿ ಈಚೆ ಬಂದ. ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕೂತ. ಮೂವತ್ತು ದಿನಗಳಲ್ಲಿ ಇದೇ ಮೊದಲ ಸಲ. ಅವಳ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಒಂದೊಂದೇ ಚೂರು ತೆಗೆಯತೊಡಗಿದ.

"ಹೆದರಿದ್ದು ಹೌದು," ಎಂದ. "ನಿಮಗಲ್ಲ."

ಒಂದು ಚೂರು ತಟ್ಟೆಗೆ ಬಿತ್ತು.

"ಮೊದಲನೇ ದಿನ ನಿಮ್ಮ ಮೊಣಕೈ ಬಿತ್ತಲ್ಲ, ಆಗ ನನ್ನ ಮುಷ್ಟಿ ಕಟ್ಟಿತ್ತು. ನಿಮ್ಮ ಮುಖದ ನೇರಕ್ಕೆ. ಯಾರೂ ನೋಡ್ಲಿಲ್ಲ."

ಅವಳ ಅಳು ನಿಂತಿತು.

"ನನಗೊಬ್ಬ ತಮ್ಮ ಇದ್ದಾನೆ. ಮೂರು ವರ್ಷದ ಹಿಂದೆ ನನ್ನ ಅಂಗಿ ಕೇಳದೆ ಹಾಕ್ಕೊಂಡು ಹೋಗಿದ್ದ. ಅಷ್ಟೇ ಕಾರಣ. ಮುರಿದ ಕುರ್ಚಿ ಕಾಲು ಅಲ್ಲೇ ಬಿದ್ದಿತ್ತು." ಇನ್ನೊಂದು ಚೂರು. "ಅವನ ಎಡಗಣ್ಣು ಹೋಯ್ತು."

ಅವಳು ಕೈ ಎಳೆದುಕೊಂಡಳು. ಅವನು ಬಿಟ್ಟ.

ಅವಳಿಗೆ ಎದ್ದು ಓಡಬೇಕೆನ್ನಿಸಿತು. ಅಮ್ಮನಿಗೆ ತನ್ನಿಂದ ಓಡಬೇಕು ಎನ್ನಿಸಿದ್ದೂ ಹೀಗೆಯೇ ಇರಬೇಕು.

"ಕ್ಷಮಿಸಿದ್ದಾನಾ ಅವನು?" ಕೊನೆಗೆ ಕೇಳಿದಳು.

"ಇಲ್ಲ. ಫೋನ್ ಮಾಡಿದ್ರೆ ತೆಗೀತಾನೆ. ಹೂಂ ಅಂತಾನೆ. ಇಡ್ತಾನೆ."

ಅವನು ಡ್ರಾಯರ್ ತೆರೆದ. ಒಳಗೆ ಅಂಥವೇ ಆರು ನೋಟ್‌ಬುಕ್‌ಗಳು. ಮೇಲಿನದನ್ನು ತೆಗೆದು ಕೊಟ್ಟ. ತಿಂದದ್ದು, ಮಲಗಿದ್ದು, ನಡೆದದ್ದು, ಕೈ ಎಲ್ಲಿತ್ತು ಎಂಬುದು... ಪ್ರತಿ ಪುಟದ ಕೆಳಗೆ ಒಂದೇ ಸಾಲು: 'ಇವತ್ತು ಹೊಡೆದಿಲ್ಲ.' ನಿನ್ನೆಯ ಪುಟದಲ್ಲಿ ಅದರ ಕೆಳಗೆ ಇನ್ನೊಂದು ಸಾಲಿತ್ತು. 'ಅವರು ಕೈ ಹಿಡಿದರು. ಬಿಡಬಾರದು ಅನ್ನಿಸಿತು. ಬಿಟ್ಟೆ.'

ಅವಳು ಆ ಸಾಲನ್ನು ಮೂರು ಸಲ ಓದಿದಳು.

"ಯಾಕೆ ಬಿಟ್ರಿ?"

"ನನಗೆ ತೀರಾ ಹತ್ತಿರ ಇದ್ದವನನ್ನೇ ನಾನು ಮುರಿದು ಹಾಕಿದ್ದು. ಮೊದಲು ಆ ಮುಷ್ಟಿಗೆ ಹೆದರಿ ಮೇಜಿನ ಆಚೆ ಕೂತೆ, ನೀವು ಇಷ್ಟ ಆಗೋಕೆ ಶುರುವಾದ ಮೇಲೆ ಅದನ್ನ ದಾಟೋಕೆ ಇನ್ನೂ ಹೆದರಿಕೆ ಆಯ್ತು." ಅವನು ಅವಳನ್ನು ನೇರವಾಗಿ ನೋಡಿದ. "ನೀವು ಅಂದ್ರೆ ನನಗೆ ಇಷ್ಟ. ತುಂಬಾ. ಇದನ್ನ ಕೇಳಿ ನೀವು ಎದ್ದು ಹೋದ್ರೆ ಅದೂ ಸರಿ."

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಹಿಡಿಕೆಯ ಮೇಲೆ ಎಡಗೈ ಇಟ್ಟು ಬಹಳ ಹೊತ್ತು ನಿಂತಳು.

ಮತ್ತೆ ಬಂದು ಕೂತು, ಗಾಯದ ಕೈಯನ್ನು ಅವನ ಅಂಗೈ ಮೇಲಿಟ್ಟಳು.

"ಇನ್ನೂ ಎರಡು ಚೂರಿದೆ, ತೆಗೀರಿ. ಪಾಳಿ ಮುಗಿದ ಮೇಲೆ ಅಮ್ಮನ ಹತ್ರ ಹೋಗ್ಬೇಕು. ಬರ್ತೀರಾ?"

"ಬರ್ತೀನಿ."

* * *

ಚಿಕ್ಕಮ್ಮನ ಮನೆಯ ಬಾಗಿಲು ನಾಲ್ಕು ಬೆರಳಷ್ಟೇ ತೆರೆಯಿತು. ನಡುವೆ ಸರಪಳಿ ಬಿಗಿದಿತ್ತು. ಆ ಸಂದಿನಲ್ಲಿ ಅಮ್ಮನ ಒಂದು ಕಣ್ಣು, ಅರ್ಧ ಬಾಯಿ.

"ಅಮ್ಮಾ, ತೆಗೀಬೇಡ. ಹಾಗೇ ಇರು," ಎಂದಳು ಅವಳು. "ನೀನು ಏನಂದ್ರೂ ಕೈ ನಂದೇ. ತಪ್ಪು ನಂದೇ. ಆ ಮನೇಲಿ ನೀನಿರು. ನಾನು ಬೇರೆ ಕೋಣೆ ನೋಡ್ಕೊಳ್ತೀನಿ. ನೀನು ಕರೆದ ದಿನ ಬರ್ತೀನಿ, ಕರೀದಿದ್ರೆ ಬರಲ್ಲ."

ಅಮ್ಮನ ಕಣ್ಣು ಮಗಳ ಹಿಂದಿದ್ದವನ ಕಡೆ ಹೊರಳಿತು.

"ಯಾರಿವರು? ಪುಸ್ತಕ ಕೊಟ್ಟೋರಾ?"

"ಹೌದಮ್ಮ."

"ಅಲ್ಲಪ್ಪಾ... ಓದಿದೋನು, ನೀನಾದ್ರೂ ಹೇಳು." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೆ ಇತ್ತು. "ನನ್ನ ಮಗಳು ಅವರಪ್ಪನ ಹಾಗಲ್ಲ ತಾನೇ?"

ಅವಳೂ ಅವನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಕಾದಿದ್ದ ಉತ್ತರ ಅದು...

ಅವನು ತಲೆ ತಗ್ಗಿಸಿ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಸಂದಿನಿಂದ ಅಮ್ಮನ ಬೆರಳುಗಳು ಹೊರಬಂದವು. ಬ್ಯಾಂಡೇಜಿನ ಅಂಚನ್ನು ಮುಟ್ಟಿ ನೋಡಿ, ಒಳಗೆ ಸರಿದವು. "ನೀರು ತಾಗಿಸ್ಬೇಡ," ಎಂದು ಅಮ್ಮ ಬಾಗಿಲು ಹಾಕಿಕೊಂಡಳು.

ಇಬ್ಬರೂ ಬೀದಿಗೆ ಬಂದರು. ಸಂಜೆ ಬಿಸಿಲು ಗೋಡೆಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ತುಸು ದೂರ ನಡೆದ ಮೇಲೆ ಅವಳು ಕೇಳಿದಳು.

"ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು? ಅಮ್ಮ ಸರಪಳಿ ತೆಗೀತಿದ್ಲು."

"ಅದಕ್ಕೇ ಹೇಳ್ಲಿಲ್ಲ. ನನ್ನ ಸುಳ್ಳು ನಂಬಿ ತೆಗೀಬಾರದು. ನಾಳೆ ನನ್ನ ಬಗ್ಗೆಯೂ, ಇವನು ಇನ್ನು ಹೊಡೆಯಲ್ಲ ತಾನೇ ಅಂತ ನಿನ್ನನ್ನ ಯಾರಾದ್ರೂ ಕೇಳ್ತಾರೆ. ಆಗ ನೀನೂ ಸುಳ್ಳು ಹೇಳಬಾರದು."

"'ನೀನು' ಅಂದ್ರಿ."

"ಬಾಯಿ ತಪ್ಪಿ ಬಂತು."

"ಬರ್ಲಿ ಬಿಡು." ಅವಳು ಗಾಯವಿಲ್ಲದ ಕೈ ಚಾಚಿದಳು. "ನಿನ್ನ ಮುಷ್ಟಿ ಕಟ್ಟಿದ ದಿನ ನನಗೆ ಹೇಳ್ಬೇಕು. ನಾನು ಆಚೆ ಹೋಗಿ ಬಾಗಿಲು ಹಾಕ್ಕೊಳ್ತೀನಿ. ನಾಚಿಕೆ ಪಟ್ಕೊಂಡು ಮುಚ್ಚಿಡಬಾರದು."

"ಹೇಳ್ತೀನಿ. ನೀನೂ ಹೇಳು."

"ಹೇಳ್ತೀನಿ."

ಅವನು ಆ ಕೈ ಹಿಡಿದ. ಈ ಸಲ ಅವನು ಬಿಡಲಿಲ್ಲ.

ಮುಂದೆ ಅವನು ಅವಳಿಗೆ ಎಷ್ಟೋ ಮಾತು ಹೇಳಿದ. ನೀನಿಲ್ಲದೆ ಆಗುವುದಿಲ್ಲ ಎಂದ, ನಿನ್ನ ಬಾಯಿ ಬಲು ಜೋರು ಎಂದ, ಎದ್ದು ತಿಂಡಿ ತಿನ್ನು ಎಂದ. ಅವಳು ತನ್ನ ಅಪ್ಪನ ಹಾಗಲ್ಲ ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.